ಪಂಡಿತ ನೇಮಣ್ಣನ ಎಡಗೈ

ನಿಪ್ಪಾಣಿಯಿಂದ ಸದಲಗಾಕ್ಕೆ ಹೋಗುವ ಬಸ್ಸಿನಲ್ಲಿ ಸುಗಂಧಾ ಮೂರು ಸಲ ಜಾಗ ಬದಲಿಸಿದಳು. ಮೊದಲು ಕಿಟಕಿಯ ಬಿಸಿಲು ಬೇಡವೆನಿಸಿತು, ಆಮೇಲೆ ಪಕ್ಕದವರ ತಂಬಾಕಿನ ಚೀಲದ ಘಾಟು. ಮೂರನೆಯ ಸಲ ಎದ್ದದ್ದಕ್ಕೆ ಕಾರಣವೇ ಇರಲಿಲ್ಲ. ಕಂಡಕ್ಟರ್ ನಕ್ಕು, "ಬಾಯಾರ, ಎಲ್ಲೆ ಕುಂತ್ರೂ ಬಸ್ಸು ಅಷ್ಟ ಹೊತ್ತಿಗೆ ಮುಟ್ಟತೈತ್ರಿ" ಅಂದ.

ಅವಳಿಗೆ ಮೂವತ್ತೊಂದು ವರ್ಷ. ಊರು ಕೃಷ್ಣೆಯ ದಂಡೆಯ ಅಂಕಲಿ. ಕೊಲ್ಲಾಪುರದಲ್ಲಿ ಚಿತ್ರಕಲೆ ಕಲಿತು, ಅಲ್ಲಿಯೇ ಒಬ್ಬ ವಯಸ್ಸಾದ ಚಿತ್ರಕಾರರ ಹತ್ತಿರ ಹಳೆಯ ಚಿತ್ರಗಳ ಹೊಗೆ, ಮಣ್ಣು ತೆಗೆಯುವ ಕೆಲಸವನ್ನೂ ಎರಡು ವರ್ಷ ಮಾಡಿ ಈಗ ನಿಪ್ಪಾಣಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು. ಮೂರು ವರ್ಷವಾದರೂ ನೌಕರಿ ಕಾಯಂ ಆಗಿರಲಿಲ್ಲ. ಪ್ರತಿ ಜೂನ್‌ನಲ್ಲಿ ಹೊಸ ಆರ್ಡರ್ ಕೈಗೆ ಬರುವ ತನಕ ಅವಳಿಗೆ ಊಟ ಸೇರುತ್ತಿರಲಿಲ್ಲ. ಶಾಲೆ ನಡೆಸುವ ಸಂಸ್ಥೆಯ ಸಂಚಾಲಕರಲ್ಲಿ ಸದಲಗಾದ ರಾವಸಾಹೇಬರು ಒಬ್ಬರು. ಈಗ ಕರೆಸಿದ್ದು ಅವರೇ.

ವಾಡೆಯ ನಡುಮನೆಯಲ್ಲಿ ರಾವಸಾಹೇಬರು ಚಿತ್ರದ ಮುಂದೆ ನಿಂತು ಹೇಳಿದರು: "ಇವ್ರು ನಮ್ಮ ಮೂಲಪುರುಷರ್ರಿ. ಪಂಡಿತ ನೇಮಣ್ಣನವರು. ಇನ್ನೂರ ವರ್ಷದ ಹಿಂದ ಶಾಸ್ತ್ರದಾಗ ಇವರ್ನ ಮೀರಸೋರು ಇರಲಿಲ್ಲಂತ. ಹೊಳಿಯಾಚಿನ ಸರದಾರ್ರು ಇವರ ಪಾಂಡಿತ್ಯ ನೋಡಿ ಇಲ್ಲಿ ಜಮೀನು ಇನಾಮ ಕೊಟ್ರು. ಮಾರ್ಚ್ ಹನ್ನೆರಡಕ್ಕ ಇವರ ಹೆಸರಿನ ಸಭಾಭವನದ ಉದ್ಘಾಟನೆ ಐತಿ. ವೇದಿಕಿ ಮ್ಯಾಲ ಈ ತಸಬೀರ ಇಡಬೇಕು. ಅಷ್ಟರಾಗ ಚೊಕ್ಕ ಮಾಡಿ ಕೊಡ್ರಿ."

ಎರಡು ಮೊಳ ಎತ್ತರದ ಸಾಗವಾನಿ ಹಲಗೆಯ ಮೇಲೆ ಬರೆದ ಚಿತ್ರ. ದೀಪದ ಹೊಗೆ ಕುಡಿದು ಕಂದಿತ್ತು. ಕೆಂಪು ರುಮಾಲು ಸುತ್ತಿದ ತೆಳ್ಳನೆಯ ಮನುಷ್ಯ, ಜಮಖಾನದ ಮೇಲೆ ಕೂತಿದ್ದಾನೆ. ಎಡಭುಜದ ಮೇಲೆ ದಪ್ಪಗೆ ಮಡಿಸಿದ ಶಾಲು. ಅದರ ಅಂಚು ಎದೆಯ ಮೇಲೆ ಓರೆಯಾಗಿ ಬಲಗಡೆಗೆ ಇಳಿದಿದೆ. ಬಲಮೊಣಕಾಲಿನ ಹತ್ತಿರ ಮಣೆಯ ಮೇಲೆ ತೆರೆದಿಟ್ಟ ಗ್ರಂಥ, ಅದರ ಹಿಂದೆ ಬಲಗೈ ಮರೆಯಾಗಿದೆ. ಎಡಗೈ ಎದೆಯ ಮಟ್ಟಕ್ಕೆ ಎದ್ದು ಉಪದೇಶ ಹೇಳುವಂತಿದೆ.

"ಎಡಗೈಲೆ ಯಾಕ್ರೀ ಹೇಳಾಕತ್ತಾರ?" ಸುಗಂಧಾ ಕೇಳಿದಳು.

"ಎಡಚರಿದ್ದಿರಬೇಕ್ರಿ," ಅಂದರು ರಾವಸಾಹೇಬರು. ಅದನ್ನು ಈವರೆಗೆ ಯಾರೂ ಅವರನ್ನು ಕೇಳಿದಂತಿರಲಿಲ್ಲ.

ಹಿಂದಿನ ಕೋಣೆಯಲ್ಲಿ, ಉತ್ತರದ ಬೆಳಕು ಬರುವಲ್ಲಿ, ಚಿತ್ರವನ್ನು ಇಳಿಸಿ ಇಟ್ಟರು. ಪ್ರತಿ ಭಾನುವಾರ ಬಂದು ಕೆಲಸ ಮಾಡುವುದೆಂದು ಗೊತ್ತಾಯಿತು. ಆ ಕೋಣೆ ರಾವಸಾಹೇಬರ ತಾಯಿ ಅಕ್ಕುತಾಯಿಯದು. ಎಪ್ಪತ್ತೊಂದು ವರ್ಷದ, ಕಡ್ಡಿಯಂಥ ಮುದುಕಿ. ಬಂದವರನ್ನು ಮಾತನಾಡಿಸಲಿಲ್ಲ, ಆದರೆ ಕೋಣೆ ಬಿಟ್ಟೂ ಹೋಗಲಿಲ್ಲ. ಮಂಚದ ಮೇಲೆ ಕೂತಳು, ಎದ್ದಳು, ಬಾಗಿಲಿಗೆ ಹೋದಳು, ತಿರುಗಿ ಬಂದಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ತನ್ನದೇ ಚಡಪಡಿಕೆ ಇನ್ನೊಬ್ಬರ ಮೈಯಲ್ಲಿ ಓಡಾಡುವುದನ್ನು ನೋಡಿದಂತಾಗಿ ಸುಗಂಧಾಳಿಗೆ ಕೆಲಸದ ಮೇಲೆ ಕಣ್ಣು ನಿಲ್ಲಲಿಲ್ಲ.

ಮುಖ, ರುಮಾಲು ಶುಚಿಯಾದವು. ಹೊಗೆಯ ಕೆಳಗೆ ಹಳೆಯ ರೋಗನ್ನಿನ, ಅಂದರೆ ವಾರ್ನಿಶಿನ, ಗಟ್ಟಿ ಪದರವಿತ್ತು; ಬಣ್ಣ ಅದರ ಅಡಿಯಲ್ಲಿ ಭದ್ರವಾಗಿ ಕೂತಿತ್ತು. ಎರಡನೆಯ ಭಾನುವಾರ ಶಾಲಿಗೆ ಕೈ ಹಾಕಿದಳು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಎರಡು ಸಲ ಆಡಿಸುವಷ್ಟರಲ್ಲಿ ಹತ್ತಿಯ ತುದಿ ನೀಲಿಯಾಯಿತು. ಶಾಲಿನ ಬಣ್ಣವೇ ಬಿಡುತ್ತಿತ್ತು. ಗಾಬರಿಯಾಗಿ ಕೈ ಹಿಂದೆಳೆದುಕೊಂಡಳು. ಬಾಗಿ ನೋಡಿದರೆ, ನಾಲ್ಕಾಣೆಯಷ್ಟು ಅಗಲದ ಜಾಗದಲ್ಲಿ ನೀಲಿ ಹೋಗಿ, ಅದರ ಕೆಳಗೆ ರೋಗನ್ನು ಹೊಳೆಯುತ್ತಿತ್ತು. ರೋಗನ್ನಿನ ಕೆಳಗೆ ಕಂದು ಬಣ್ಣದ ದುಂಡನೆಯ ಅಂಚು, ಅದರ ಸುತ್ತ ಬಂಗಾರದ ಸಣ್ಣ ಗೆರೆ.

ಶಾಲು ಮೊದಲಿನದಲ್ಲ. ಯಾರೋ ಆಮೇಲೆ ಬಳಿದದ್ದು.

"ಕಂಡಿತೇನು?"

ಹಿಂದಿನಿಂದ ಬಂದ ಧ್ವನಿ ಅಕ್ಕುತಾಯಿಯದು. ಎರಡು ಭಾನುವಾರಗಳಲ್ಲಿ ಆಕೆ ಆಡಿದ ಮೊದಲ ಮಾತು.

"ಏನ್ರಿ ಆಯಿ?"

ಮುದುಕಿ ಅವಳನ್ನೇ ನೋಡಿದಳು, ಹಲಗೆಯನ್ನು ನೋಡಿದಳು, ಸರಕ್ಕನೆ ತಿರುಗಿ ಹೊರಗೆ ಹೋಗಿಬಿಟ್ಟಳು.

ಆ ವಾರ ಸುಗಂಧಾಳಿಗೆ ಶಾಲೆಯಲ್ಲಿ ಏನು ಕಲಿಸಿದೆನೆಂಬುದೇ ನೆನಪಿರಲಿಲ್ಲ. ಮಡಕೆ ಬರೆಯಿರಿ ಅಂತ ಹುಡುಗಿಯರಿಗೆ ಹೇಳಿ, ತಾನು ಬೋರ್ಡಿನ ಮೇಲೆ ಎಡಗೈ ಬರೆಯುತ್ತಿದ್ದಳು. ಬೆರಳುಗಳು ಉಪದೇಶದ ಬೆರಳುಗಳಲ್ಲ. ಎರಡು ಬಾಗಿವೆ, ಒಂದರ ತುದಿಗೆ ಭಾರ ಬಿದ್ದಿದೆ. ತಂತಿಯಂಥದ್ದೇನನ್ನೋ ಒತ್ತಿ ಹಿಡಿದ ಕೈ ಅದು. ಗುರುವಾರ ಅರ್ಧ ದಿನ ರಜೆ ಹಾಕಿ, ಟ್ರೇಸಿಂಗ್ ಕಾಗದದ ಮೇಲೆ ತೆಗೆದುಕೊಂಡಿದ್ದ ನಕಲನ್ನು ಸುರುಳಿ ಸುತ್ತಿ ಮಿರಜಕ್ಕೆ ಹೋದಳು. ತಂಬೂರಿ, ಸಿತಾರ ಮಾಡುವವರ ಓಣಿಯಲ್ಲಿ ಒಬ್ಬ ವಯಸ್ಸಾದ ಕುಶಲಿ ಒಣಗಿದ ಸೋರೆಬುರುಡೆಯ ಒಳಗನ್ನು ಕೆರೆಯುತ್ತ ಕೂತಿದ್ದ. ಅವನ ಮುಂದೆ ಕಾಗದ ಬಿಡಿಸಿ, ಶಾಲಿನ ಕೆಳಗೆ ಕಂಡ ದುಂಡನೆಯ ಅಂಚಿನ ಮಾತೂ ಹೇಳಿದಳು.

ಆತ ಕನ್ನಡಕ ಏರಿಸಿಕೊಂಡು ಒಂದು ಗಳಿಗೆ ನೋಡಿದ. ಎದ್ದು, ಮೂಲೆಯಲ್ಲಿದ್ದ ಒಂದು ದಪ್ಪ ಬಿದಿರಿನ ಗಳ ತಂದು, ಅದರ ಮೇಲ್ತುದಿಯನ್ನು ಸುಗಂಧಾಳ ಎಡಭುಜದ ಮೇಲೂ ಕೆಳತುದಿಯನ್ನು ಬಲಮೊಣಕಾಲಿನ ಹತ್ತಿರಕ್ಕೂ ಬರುವಂತೆ ಇಟ್ಟ.

"ಈಗ ಎಡಗೈ ಹಚ್ರಿ."

ಅವಳ ಕೈ ತಾನಾಗಿಯೇ ಮೇಲೆದ್ದು ಗಳವನ್ನು ಬಳಸಿತು. ಬೆರಳು ಬಾಗಿದವು.

"ಬೀನ್ ರೀ ಇದು. ರುದ್ರವೀಣಾ ಅಂತಾರಲ್ಲ, ಅದ. ಭುಜದ ಮ್ಯಾಲ ಒಂದು ಭೋಪಳಾ, ಅಂದ್ರ ಇಂಥಾ ಬುರುಡಿ, ಮಣಕಾಲ ಕಡೆ ಒಂದು. ನೀವು ದುಂಡಗ ಕಂಡಿದ್ದು ಮ್ಯಾಲಿನ ಭೋಪಳಾದ ಅಂಚು. ಇಂವ ಏನ್ ಹಗರ ಮನಶ್ಯಾ ಅಲ್ರಿ. ಕೈ ನೋಡ್ರಿ, ಎಷ್ಟ ಮ್ಯಾಲ ಐತಿ. ಕೈ ಮ್ಯಾಲ ಹೋದಂಗ ಸ್ವರ ತೆಳಗ ಹೋಗತೈತಿ. ಅಷ್ಟ ತೆಳಗಿನ ಸ್ವರ ಹಿಡಿಯಾಕ ಗಟ್ಟಿಗ ಬೇಕು. ಎಲ್ಲೈತ್ರಿ ಈ ತಸಬೀರ?"

"ಒಬ್ರ ಮನ್ಯಾಗ ಐತ್ರಿ," ಅಂದಳು ಸುಗಂಧಾ. ಕಾಗದವನ್ನು ಮತ್ತೆ ಸುರುಳಿ ಸುತ್ತತೊಡಗಿದಳು.

ಮುಂದಿನ ಭಾನುವಾರ ರಾವಸಾಹೇಬರು ಚಿಕ್ಕೋಡಿಗೆ ಹೋಗಿದ್ದರು. ಅವರ ಹೆಂಡತಿ ಸುಂದರಾ ಚಹಾ ಕೊಟ್ಟು ಅಡುಗೆಮನೆಗೆ ಹೋದಳು. ಸುಗಂಧಾ ಕೋಣೆಯ ಬಾಗಿಲು ಮುಂದೆ ಮಾಡಿ ಅಕ್ಕುತಾಯಿಯ ಎದುರು ಕೂತಳು.

"ಆಯಿ, ನಿಮಗ ಗೊತ್ತೈತಿ. ಇವ್ರು ಶಾಸ್ತ್ರ ಓದಾಕತ್ತಿಲ್ಲ. ಬೀನ್ ಬಾರಸಾಕತ್ತಾರ. ಯಾರ್ರಿ ಅದನ್ನ ಮುಚ್ಚಿಸಿದ್ದು?"

"ನನ್ನ ಮಾವ," ಅಂದಳು ಅಕ್ಕುತಾಯಿ. "ನನ್ನ ಸಲುವಾಗಿ ಮುಚ್ಚಿಸಿದ."

ಆಮೇಲೆ ಆಕೆ ಹೇಳಿದ್ದು ಹೀಗೆ. ಆಕೆಯ ತವರು ಕಾಗವಾಡ. ತಂದೆ ಕಾಳಿನ ವ್ಯಾಪಾರಿ, ಆದರೆ ಹಾಡಿನ ಹುಚ್ಚು. ಅಂಗಡಿಯ ಗಾದಿಯ ಪಕ್ಕದಲ್ಲೇ ಹಾರ್ಮೋನಿಯಂ ಪೇಟಿ ಇಟ್ಟುಕೊಂಡು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಬ್ಬಳೇ ಮಗಳಿಗೆ ಹಾಡು ಕಲಿಸಿದ. ಹದಿಮೂರಕ್ಕೆ ಮದುವೆಯಾಗಿ ಈ ವಾಡೆಗೆ ಬಂದಳು. ಬಂದ ಎಂಟು ದಿನಕ್ಕೆ ಕಟ್ಟೆಯ ಮೇಲೆ ಕೂತು ಹಾಡಿದಾಗ ಮಾವ ಹೊರಗಿನಿಂದ ಬಂದು, ಮರ್ಯಾದಸ್ತರ ಮನೆಯಲ್ಲಿ ಇದು ನಡೆಯುವುದಿಲ್ಲ ಅಂದ.

"ನನಗ ಅಂಜಿಕಿ ಅನ್ನೋದ ಇರಲಿಲ್ಲ ನೋಡು. ಇವರ ಕಡೆ ಬಟ್ಟು ಮಾಡಿ ತೋರಿಸಿದ್ನಿ. ಮಾವಾರ, ಇವ್ರು ನಮ್ಮ ಮನಿತನದ ಹಿರ್ಯಾರಲ್ಲೇನ್ರಿ? ಇವ್ರು ವೀಣಾ ಬಾರಿಸಿದ್ರ ಮರ್ಯಾದಿ, ನಾ ಹಾಡಿದ್ರ ಅಲ್ಲೇನ್ರಿ? ಅಂದ್ನಿ. ಎಲ್ಲಾರ ಮುಂದ ಅಂದ್ನಿ. ಆಳು ಹೋಳು ಎಲ್ಲಾ ನಿಂತಿದ್ರು."

"ಅವ್ರು ಏನಂದ್ರು?"

"ಒಂದೂ ಮಾತಾಡಲಿಲ್ಲ. ಬಡದಿದ್ರ ಚಲೋ ಇತ್ತು. ಹದಿನೈದ ದಿನಕ್ಕ ಕೊಲ್ಲಾಪುರದಿಂದ ಒಬ್ಬ ಪೇಂಟರ್ ಬಂದ. ನಾಕ ದಿನ ಕುಂತು ಬಳದ. ಮುಗದ ಮ್ಯಾಲ ಮಾವ ನನ್ನ ಕರದು ಇದರ ಮುಂದ ನಿಂದ್ರಿಸಿ ಅಂದ: ಈಗ ನೋಡು, ನಮ್ಮ ಹಿರ್ಯಾರು ಶಾಸ್ತ್ರ ಓದಾಕತ್ತಾರ. ನೀ ಏನ್ ಓದತಿ ಹೇಳು, ಕಲಸ್ತೇನಿ." ಅಕ್ಕುತಾಯಿ ಎದ್ದು ಕಿಟಕಿಗೆ ಹೋದಳು, ಅಲ್ಲಿಂದ ಮತ್ತೆ ಮಂಚಕ್ಕೆ ಬಂದಳು. "ಬೀನಿಗೆ ಸಿಕ್ಕ ಇನಾಮು ಪಾಂಡಿತ್ಯದ ಇನಾಮ ಆತು. ಊರ ಮಂದಿ ನಂಬಿದ್ರು. ನೋಡಿದೋರು ಸತ್ತ್ರು. ನನ್ನ ಮಕ್ಕಳೂ ನಂಬ್ಯಾರ. ಐವತ್ತೆಂಟ ವರ್ಷಾತು, ದಿನಾ ಮುಂಜಾನೆ ಅದರ ಮುಂದ ದೀಪ ಹಚ್ಚತೇನಿ. ಕೈಮುಗ್ಯಾಕ ಅಲ್ಲ. ಹೊಗಿ ಹತ್ತಿ ಆ ಶಾಲು, ಆ ಪುಸ್ತಕ ಕರ್ರಗ ಆಗ್ಲಿ ಅಂತ."

ಸುಗಂಧಾ ತನ್ನ ಹತ್ತಿಯ ಉಂಡೆಗಳನ್ನೂ ಸೀಸೆಯನ್ನೂ ನೋಡುತ್ತ ಕೂತಳು. ಏನು ಮಾಡಬೇಕೆಂದು ಅವಳಿಗೆ ತಿಳಿದಿತ್ತು, ಮಾಡಿದರೆ ಏನಾಗುವುದೆಂಬುದೂ ತಿಳಿದಿತ್ತು. ಜೂನ್‌ಗೆ ಇನ್ನು ನಾಲ್ಕು ತಿಂಗಳು. ಈ ಸಲ ಕಾಯಂ ಮಾಡಿಸೋಣ ಅಂತ ರಾವಸಾಹೇಬರು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರು.

"ಆಯಿ, ನನ್ನ ನೌಕರಿ ನಿಮ್ಮ ಮಗನ ಕೈಯಾಗ ಐತ್ರಿ."

"ಗೊತ್ತೈತಿ. ಮಾಡಂತ ನಾ ಎಲ್ಲಿ ಅಂದ್ನಿ? ನಿನ್ನ ಹೊಟ್ಟಿ ಮ್ಯಾಲ ನಾ ಕಾಲ ಇಡಾಂಗಿಲ್ಲ. ಮ್ಯಾಲಿನ ಹೊಗಿ ತಗದು ಕೊಟ್ಟು ಹೋಗು. ನಾ ಏನೂ ಅನಕೊಳ್ಳಾಂಗಿಲ್ಲ."

ಆದರೆ ಆಕೆಯ ಕೈ ಸೆರಗನ್ನು ಸುತ್ತುವುದು ನಿಲ್ಲಿಸಿರಲಿಲ್ಲ.

ಸುಗಂಧಾ ಆ ದಿನ ಶಾಲಿನ ಮೇಲೆ ಬಿದ್ದಿದ್ದ ಸಣ್ಣ ಗುರುತಿಗೆ ನೀಲಿ ಬಣ್ಣ ಕೂಡಿಸಿ ಮುಚ್ಚಿದಳು. ಯಾರಿಗೂ ಗೊತ್ತಾಗದಷ್ಟು ಚೆನ್ನಾಗಿ ಮುಚ್ಚಿದಳು. ಬಸ್ಸು ಹತ್ತಿದ ಮೇಲೆ ತನ್ನ ಬೆರಳಿನ ಮೇಲಿದ್ದ ನೀಲಿಯನ್ನು ಒರೆಸುತ್ತಲೇ ಇದ್ದಳು. ಕೊಲ್ಲಾಪುರದ ಆ ಪೇಂಟರ್ ನಾಲ್ಕು ದಿನದಲ್ಲಿ ಮಾಡಿದ ಕೆಲಸಕ್ಕೆ ಇವತ್ತು ತಾನೂ ಒಂದು ಕೈ ಸೇರಿಸಿ ಬಂದಿದ್ದೇನೆ ಎಂಬ ವಿಚಾರ ಒಮ್ಮೆ ಹೊಕ್ಕಿದ್ದು ಹೊರಗೆ ಹೋಗಲೊಲ್ಲದಾಯಿತು. ಸೋಮವಾರ ಹೆಡ್‌ಮಾಸ್ತರರು ಏನೋ ಕೇಳಿದರೆ ಇನ್ನೇನೋ ಹೇಳಿದಳು. ಮಂಗಳವಾರ ಅಣ್ಣನ ಮನೆಗೆಂದು ಅಂಕಲಿಗೆ ಹೋದವಳು ಚಹಾ ಕುಡಿಯುವುದರೊಳಗೇ ಹೊರಟು ಬಂದಳು. ಶುಕ್ರವಾರ ಸಂಜೆ ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತು, ಹೋಗುವ ಬರುವ ಬಸ್ಸುಗಳ ಬೋರ್ಡು ಓದಿದಳು.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಕೂಡಲೆ, ಭಾನುವಾರಕ್ಕೂ ಕಾಯದೆ, ಸದಲಗಾಕ್ಕೆ ಹೋದಳು.

"ಆಯಿ, ಬಾಗಲಾ ಹಾಕ್ರಿ," ಅಂದಳು.

ಶನಿವಾರ ಸಂಜೆಯ ತನಕ, ಮತ್ತೆ ಭಾನುವಾರ ಬೆಳಗಿನಿಂದ, ಇಬ್ಬರೂ ಅದೇ ಕೆಲಸದಲ್ಲಿ ಕೂತರು. ಸುಗಂಧಾ ಅಂಗುಲ ಅಂಗುಲವಾಗಿ ನೀಲಿ ತೆಗೆದಳು. ಅಕ್ಕುತಾಯಿ ಹತ್ತಿಯ ಉಂಡೆ ಮಾಡಿ ಮಾಡಿ ಕೊಟ್ಟಳು. ಭುಜದ ಮೇಲಿನ ಶಾಲು ಹೋಗಿ ಬುರುಡೆ ಮೂಡಿತು. ಎದೆಯ ಮೇಲಿನ ಶಾಲಿನ ಅಂಚು ಹೋಗಿ, ಹಸಿರು, ಬಂಗಾರದ ಬಳ್ಳಿ ಬರೆದ ದಂಡಿ ಓರೆಯಾಗಿ ಇಳಿದು ಬಂತು. ಅದರ ಮೇಲೆ ಸಾಲಾಗಿ ಸ್ವರದ ಮೆಟ್ಟಿಲುಗಳು, ಕೂದಲೆಳೆಯಂಥ ತಂತಿಗಳು. ಎಡಗೈ ಈಗ ಗಾಳಿಯಲ್ಲಿರಲಿಲ್ಲ; ದಂಡಿಯನ್ನು ಬಳಸಿ, ಎರಡು ಬೆರಳು ತಂತಿಯ ಮೇಲೆ ಕೂತಿತ್ತು. ಗ್ರಂಥ ಮತ್ತು ಮಣೆ ಹೋದ ಮೇಲೆ ಇನ್ನೊಂದು ಬುರುಡೆ ಕಂಡಿತು, ಅದರ ಪಕ್ಕದಲ್ಲಿ ಬಲಗೈ, ಬೆರಳ ತುದಿಗೆ ಮೀಟುವ ತಂತಿಯ ಉಂಗುರ.

ಮುಖವನ್ನು ಮಾತ್ರ ಆ ಪೇಂಟರ್ ಮುಟ್ಟಿರಲಿಲ್ಲ. ಆದರೂ ಅದು ಬೇರೆ ಮುಖವಾಗಿತ್ತು. ಇಷ್ಟು ದಿನ ಯಾರಿಗೋ ಬುದ್ಧಿ ಹೇಳುವಂತೆ ಕಾಣುತ್ತಿದ್ದ ಮನುಷ್ಯ ಈಗ ತಲೆ ಸ್ವಲ್ಪ ವಾಲಿಸಿ ಕೇಳಿಸಿಕೊಳ್ಳುತ್ತಿದ್ದ.

ಅಕ್ಕುತಾಯಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಅಳಲಿಲ್ಲ. "ಸಣ್ಣಾಂವ ಅದಾನ," ಅಂದಳು. "ನನಗ ಆವಾಗ ಮುದುಕ ಕಂಡಿದ್ದ."

ರಾವಸಾಹೇಬರು ಬಂದದ್ದು ಆ ಹೊತ್ತಿಗೇ. ಬಾಗಿಲು ಬಡಿದರು, ಅಕ್ಕುತಾಯಿಯೇ ತೆಗೆದಳು. ಒಳಗೆ ಬಂದವರು ಹಲಗೆಯ ಮುಂದೆ ನಿಂತುಬಿಟ್ಟರು. ಆಮೇಲೆ ಸುಗಂಧಾಳ ಕಡೆ ತಿರುಗಿದರು. ಧ್ವನಿ ಏರಿರಲಿಲ್ಲ.

"ಏನ್ ಮಾಡಿದ್ರಿ ಬಾಯಾರ ಇದನ್ನ?"

"ಮ್ಯಾಲ ಬಳದದ್ದು ತಗದೇನ್ರಿ ಅಣ್ಣಾರ. ತೆಳಗ ಇದ್ದದ್ದ ಇದು."

"ನಾ ಹೊಗಿ ತಗೀರಿ ಅಂದಿದ್ನಿ. ಕಾರ್ಡ್ ಹಂಚೇನಿ. ಮಹಾ ವಿದ್ವಾಂಸ ಪಂಡಿತ ನೇಮಣ್ಣ ಅಂತ ಸಭಾಭವನದ ಮ್ಯಾಲ ಕಲ್ಲಿನ್ಯಾಗ ಕೆತ್ತಿಸೇನಿ. ಮೊದಲಿನಂಗ ಮಾಡ್ರಿ. ಇನ್ನೂ ಎರಡ ವಾರ ಐತಿ."

"ಅದು ನನ್ನ ಕೈಲೆ ಆಗಾಂಗಿಲ್ರಿ."

"ಆಗಾಂಗಿಲ್ಲೋ, ಮಾಡಾಂಗಿಲ್ಲೋ?"

ಸುಗಂಧಾ ಸೀಸೆಗೆ ಬಿರಡೆ ಹಾಕಿದಳು. "ಮಾಡಾಂಗಿಲ್ರಿ," ಅಂದಳು.

ಅಕ್ಕುತಾಯಿ ನಡುವೆ ಬಂದಳು. "ಆಕಿಗೆ ಯಾಕ ಅಂತಿ? ನಾ ತಗಿಸೇನಿ. ನಿಮ್ಮ ಅಜ್ಜ ಮುಚ್ಚಿಸಿದ್ದ, ನಾ ತಗಿಸೇನಿ." ಮಗ ಎದುರು ನಿಂತಿದ್ದಂತೆಯೇ, ಯಾವತ್ತೂ ಹೇಳದ ಕಥೆಯನ್ನು ಆಕೆ ಮೊದಲಿನಿಂದ ಹೇಳಿದಳು. ಈ ಸಲ ಕಡಿಮೆ ಮಾತಿನಲ್ಲಿ ಹೇಳಿದಳು.

ರಾವಸಾಹೇಬರು ಹಾಡು ಕೇಳದ ಮನುಷ್ಯರಲ್ಲ. ಮಿರಜ, ಕೊಲ್ಲಾಪುರದ ಮೈಫಿಲುಗಳಿಗೆ ಜೀಪು ತೆಗೆದುಕೊಂಡು ಹೋಗುತ್ತಿದ್ದರು. ದೀಪಾವಳಿಗೆ ಇದೇ ವಾಡೆಯ ಅಂಗಳದಲ್ಲಿ ಗವಾಯಿಗಳನ್ನು ಕರೆಸಿ ಹಾಡಿಸುತ್ತಿದ್ದರು. ಆ ದಿನಗಳಲ್ಲಿ ತಾಯಿ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಮಲಗುತ್ತಿದ್ದದ್ದು ಗದ್ದಲಕ್ಕೆ ಬೇಸರಪಟ್ಟು ಅಂತ ಅವರು ತಿಳಿದಿದ್ದರು.

"ಅವ್ವಾ, ಇದನ್ನ ನನಗ ಮೊದಲ ಯಾಕ ಹೇಳಲಿಲ್ಲಬೇ?"

"ನೀ ಕೇಳಿದ್ದೆಲ್ಲಿ?"

ಅವರು ತಲೆ ಕೊಡವಿದರು. "ಕೇಳೋದು ಬ್ಯಾರೆ ಅವ್ವಾ, ನಮ್ಮವ್ರ ಇನ್ನೊಬ್ರ ಮುಂದ ಕುಂತು ಬಾರಸೂದು ಬ್ಯಾರೆ. ಮಂದಿ ಏನಂದಾರು? ಇಷ್ಟ ವರ್ಷ ಪಂಡಿತರು ಪಂಡಿತರು ಅಂದು, ಈಗ ಬಾಜಂತ್ರ್ಯಾರು ಅಂದ್ರ ನಕ್ಕಾರು."

"ನಗಲಿ."

"ನಿನಗೇನು, ನೀ ಮಂದ್ಯಾಗ ಹೋಗಾಂಗಿಲ್ಲ. ಹೋಗಾಂವ ನಾ," ಅಂದು ಹೊರಟುಹೋದರು.

ಮರುದಿನ ಅವರು ಚಿಕ್ಕೋಡಿಯಿಂದ ಭೀಮಸಿ ಎಂಬ ಪೇಂಟರನನ್ನು ಕರೆಸಿದರು. ಅಂಗಡಿಯ ಬೋರ್ಡು ಬರೆಯುವವನು, ಕೈ ಚೆನ್ನಾಗಿತ್ತು. ಮುಂದೆ ನಡೆದದ್ದನ್ನು ಸುಗಂಧಾಳಿಗೆ ಹೇಳಿದವಳು ಸುಂದರಾ. ಭೀಮಸಿ ಬಣ್ಣದ ಡಬ್ಬಿ ಹಿಡಿದು ಕೋಣೆಗೆ ಹೋದರೆ, ಅಕ್ಕುತಾಯಿ ಹಲಗೆಗೆ ಬೆನ್ನು ಹಚ್ಚಿ ಸ್ಟೂಲಿನ ಮೇಲೆ ಕೂತಿದ್ದಳು. "ಆಯಿ, ಸ್ವಲ್ಪ ಸರೀರಿ" ಅಂದ. ಸರಿಯಲಿಲ್ಲ. ಅವನ ಊರು, ಮಕ್ಕಳು, ಹೊಲ ಎಲ್ಲ ವಿಚಾರಿಸಿದಳು. ಚಹಾ ಕುಡಿಸಿದಳು, ಊಟಕ್ಕೆ ಹಾಕಿಸಿದಳು. ತಾನು ಮಾತ್ರ ಸ್ಟೂಲು ಬಿಟ್ಟು ಏಳಲಿಲ್ಲ. ಐದು ಗಂಟೆಗೆ ಭೀಮಸಿ ಡಬ್ಬಿ ಎತ್ತಿಕೊಂಡು ಹೊರಗೆ ಬಂದು ರಾವಸಾಹೇಬರಿಗೆ ಕೈಮುಗಿದ: "ಸಾಹೇಬ್ರ, ಬಸ್ಸಿಗೆ ಹೊತ್ತಾತ್ರಿ."

ಕೊನೆಗೆ ರಾವಸಾಹೇಬರೇ ಒಳಗೆ ಹೋದರು. ಆಗ ಅಕ್ಕುತಾಯಿ ಎದ್ದು ನಿಂತು, ಭೀಮಸಿ ಬಿಟ್ಟುಹೋದ ಒಂದು ಕುಂಚವನ್ನು ಮಗನ ಕೈಗೆ ಕೊಟ್ಟಳಂತೆ. "ಹೋದ ಸಲ ಮಂದಿ ಕಡಿಂದ ಬಳಸಿದ್ರು. ಈ ಸಲ ನೀನ ಬಳಿ. ನಾ ನೋಡಕೋತ ನಿಂದರ್ತೇನಿ." ಅವರು ಕುಂಚ ಹಿಡಿದು ನಿಂತರು, ಕಿಟಕಿಯ ಕಟ್ಟೆಯ ಮೇಲೆ ಅದನ್ನು ಇಟ್ಟರು, ಹೊರಗೆ ಬಂದರು; ಭೀಮಸಿಯನ್ನು ಮತ್ತೆ ಕರೆಸಲಿಲ್ಲ.

ಮಾರ್ಚ್ ಹನ್ನೆರಡಕ್ಕೆ ಉದ್ಘಾಟನೆಯಾಯಿತು. ಸುಗಂಧಾಳೂ ಹೋಗಿದ್ದಳು, ಶಾಲೆಯವರೆಲ್ಲ ಹೋಗಲೇಬೇಕಿತ್ತು. ವೇದಿಕೆಯ ಮೇಲೆ ಹಾರ ಹಾಕಿ ಇಟ್ಟದ್ದು ದೊಡ್ಡದು ಮಾಡಿಸಿದ ಒಂದು ಫೋಟೋ. ಆಮಂತ್ರಣದ ಕಾರ್ಡಿಗೆಂದು ಡಿಸೆಂಬರಿನಲ್ಲೇ ತೆಗೆಸಿದ್ದ ಫೋಟೋ ಅದು. ಅದರಲ್ಲಿ ನೇಮಣ್ಣ ಶಾಲು ಹೊದ್ದು ಶಾಸ್ತ್ರ ಓದುತ್ತಲೇ ಇದ್ದ. ಅತಿಥಿಗಳು ಅವನ ಪಾಂಡಿತ್ಯವನ್ನು ಹೊಗಳಿದರು. ರಾವಸಾಹೇಬರು ತಮ್ಮ ಭಾಷಣವನ್ನು ಎರಡು ನಿಮಿಷದಲ್ಲಿ ಮುಗಿಸಿ ಕೂತರು. ಅವರ ಹಿಂದೆಯೇ ಕೂತಿದ್ದ ಸುಗಂಧಾಳಿಗೆ ಕಂಡದ್ದು, ಅವರು ಒಮ್ಮೆಯೂ ಕತ್ತೆತ್ತಿ ಆ ಫೋಟೋ ನೋಡಲಿಲ್ಲ ಎಂಬುದು. ಅಕ್ಕುತಾಯಿ ಬಂದಿರಲಿಲ್ಲ.

ಜೂನ್ ಬಂತು. ಉಳಿದವರ ಆರ್ಡರ್ ಬಂದವು, ಸುಗಂಧಾಳದು ಬರಲಿಲ್ಲ. ಡ್ರಾಯಿಂಗ್ ಹುದ್ದೆಯನ್ನೇ ಈ ವರ್ಷ ಕೈಬಿಟ್ಟಿದ್ದೇವೆ ಅಂತ ಆಫೀಸಿನವರು ಹೇಳಿದರು. ರಾವಸಾಹೇಬರೇ ಬೇಡವೆಂದರೋ, ಅಥವಾ ಬೇಕೆನ್ನದೆ ಸುಮ್ಮನಿದ್ದರೋ ತಿಳಿಯಲಿಲ್ಲ. ಹದಿನೈದು ದಿನ ಅವಳು ಅರ್ಜಿ ಹಿಡಿದು ಚಿಕ್ಕೋಡಿ, ಅಥಣಿ, ರಾಯಬಾಗ ಅಂತ ಸುತ್ತಿದಳು. ಕೊನೆಗೆ ರಾಯಬಾಗ ತಾಲ್ಲೂಕಿನ ಅಲಖನೂರಿನ ಒಂದು ಹೊಸ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅದೂ ಒಂದು ವರ್ಷದ ಮಟ್ಟಿಗೆ. ನಿಪ್ಪಾಣಿಯ ಖೋಲಿ ಖಾಲಿ ಮಾಡುವ ಮೊದಲು, ಸದಲಗಾದಲ್ಲಿ ಬಿಟ್ಟಿದ್ದ ಸೀಸೆ, ಕುಂಚಗಳ ಪೆಟ್ಟಿಗೆ ತರಲು ಹೋದಳು.

ಚಿತ್ರ ಅಕ್ಕುತಾಯಿಯ ಕೋಣೆಯಲ್ಲೇ, ಮಂಚದ ಎದುರಿನ ಗೋಡೆಗೆ ಇತ್ತು. ಮುದುಕಿ ಅವಳ ಕೈ ಹಿಡಿದು ಕೂರಿಸಿಕೊಂಡಳು.

"ನಿನ್ನ ನೌಕರಿ ಹೋತಂತಲ್ಲ."

"ಬ್ಯಾರೆ ಸಿಕ್ಕೈತ್ರಿ ಆಯಿ."

"ನಾ ಮಗನ ಕೂಡ ಮಾತ ಬಿಟ್ಟೇನಿ. ಮೂರ ವಾರಾತು." ಹೀಗಂದು ಎದ್ದಳು, ಬಾಗಿಲು ಮುಚ್ಚಿದಳು, ಮತ್ತೆ ತೆರೆದಳು. "ನಿನಗೊಂದು ಹೇಳ್ಲಿ? ಶಾಲಿನ ತೆಳಗಿಂದ ಇವನ್ನ ಬಿಡಿಸಿದಾಗಿಂದ ದಿನಾ ಹಾಡಬೇಕಂತೇನಿ. ಬಾಯಿ ತಗದ್ರ ಅಂಜಿಕಿ ಬರತೈತಿ. ನನಗ, ಅಂಜಿಕಿ! ಇವತ್ತ ನೀ ಇದ್ದಿ. ಇಲ್ಲೇ ಕುಂದರು, ಏಳಬ್ಯಾಡ."

ಗೋಡೆಯ ಕಡೆ ಮುಖಮಾಡಿ ಕೂತು, ಗಂಟಲು ಸರಿಮಾಡಿಕೊಂಡು, ಅಪ್ಪ ಕಲಿಸಿದ್ದ ಒಂದು ಪದ ಎತ್ತಿಕೊಂಡಳು. ಮೊದಲ ಸಾಲು ಹೇಗೋ ಬಂತು. ಎರಡನೆಯದರಲ್ಲಿ ಧ್ವನಿ ಮೇಲೇರಬೇಕಾದಲ್ಲಿ ಏರಲಿಲ್ಲ. ಒಡೆದು ಎರಡಾಗಿ, ಕೆಮ್ಮಾಗಿ ಹೋಯಿತು. ಮತ್ತೆ ಎತ್ತಿಕೊಂಡಳು. ಮತ್ತೆ ಅಲ್ಲಿಯೇ ಒಡೆಯಿತು. ಮೂರನೆಯ ಸಲ ಸಾಲೇ ಮರೆಯಿತು. ಮೊಣಕಾಲಿಗೆ ಕೈ ಬಡಿದುಕೊಂಡಳು.

"ಏನೂ ಉಳಿದಿಲ್ಲಬೇ! ಏನೂ ಉಳಿದಿಲ್ಲ. ಇಷ್ಟ ದಿನ ಎದಿಯಾಗ ಇಟಗೊಂಡು ಕುಂತಿದ್ನಿ, ಒಳಗ ಹುಳಾ ಹಿಡದು ಹೋಗೇತಿ."

ಆಗ ಬಾಗಿಲ ಆಚೆ ಸದ್ದಾಯಿತು. ರಾವಸಾಹೇಬರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೈಯಲ್ಲಿ ನೀರಿನ ತಂಬಿಗೆ ಇತ್ತು. ಸುಗಂಧಾಳನ್ನು ನೋಡಿ ತಲೆ ತಗ್ಗಿಸಿದರು. ಒಳಗೆ ಬಂದು ತಂಬಿಗೆಯನ್ನು ತಾಯಿಯ ಮುಂದೆ ಇಟ್ಟರು.

ಮೂರು ವಾರದ ಮೌನವನ್ನು ಅಕ್ಕುತಾಯಿಯೇ ಮುರಿದಳು.

"ಕೇಳಿದೇನು?"

"ಕೇಳಿದ್ನಿ."

"ಹೆಂಗಿತ್ತು?"

ಚಲೋ ಇತ್ತು ಅನ್ನುತ್ತಾರೆಂದು ಸುಗಂಧಾ ಕಾದಳು. ಊರಿನಲ್ಲಿ ಎಲ್ಲರಿಗೂ ಸಮಾಧಾನವಾಗುವ ಮಾತು ಆಡಿ ರೂಢಿಯಿದ್ದ ಮನುಷ್ಯ. ಆದರೆ ರಾವಸಾಹೇಬರು ಗವಾಯಿಗಳ ಮುಂದೆ ಕೂತಾಗಿನ ಹಾಗೆ ಕಣ್ಣು ಕಿರಿದು ಮಾಡಿ, ಸ್ವಲ್ಪ ಯೋಚಿಸಿ ಹೇಳಿದರು:

"ಮೊದಲನೇ ಸಾಲ ಚಲೋ ಹಿಡದೀಬೇ ಅವ್ವಾ. ಎರಡನೇದ್ರಾಗ ಸುರ್ ಬಿಡ್ತು. ಶ್ರುತಿ ಪಟ್ಟಿ ಭಾಳ ಮ್ಯಾಲ ಹಿಡದಿ. ಈ ವಯಸ್ಸಿಗೆ ಅಷ್ಟು ಮ್ಯಾಲ ಹೋಗಬಾರ್ದು."

ಅಕ್ಕುತಾಯಿ ಮಗನ ಮುಖವನ್ನು ದಿಟ್ಟಿಸಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂದು, ನೀರು ಕುಡಿದು, ಮತ್ತೆ ನಕ್ಕಳು.

"ಕೇಳಿದೇನ ಸುಗಂಧಾ? ಸುರ್ ಬಿಡ್ತಂತ! ಈ ಮನಿಗೆ ಬಂದಾಗಿಂದ ನನಗ ಹಾಡಬ್ಯಾಡ ಅಂದವ್ರು ಅದಾರ, ನನ್ನ ಹಾಡು ಹಿಂಗೈತಿ ಅಂದವ್ರು ಇಂವನ ಮೊದಲ್ನೇದಾಂವ."

ರಾವಸಾಹೇಬರು ನಗಲಿಲ್ಲ. ಸುಗಂಧಾಳ ಕಡೆ ತಿರುಗಿ, ಹೇಗೆ ಶುರುಮಾಡಬೇಕೆಂದು ತಿಳಿಯದವರಂತೆ ಅಂಗಿಯ ಗುಂಡಿಯನ್ನು ತಿರುವುತ್ತ ನಿಂತರು. "ಬಾಯಾರ, ಆರ್ಡರ್ ವಿಷಯದಾಗ ನಾ ಸುಮ್ಮನ ಕುಂತ್ನಿ. ಮಾತಾಡಬೇಕಿತ್ತು, ಆಡಲಿಲ್ಲ."

"ಇರ್ಲಿ ಬಿಡ್ರಿ," ಅಂದಳು ಸುಗಂಧಾ. ಇರಲಿ ಅಂತ ಅವಳಿಗೆ ನಿಜವಾಗಿಯೂ ಅನಿಸಿರಲಿಲ್ಲ. ಸಿಟ್ಟು ಇತ್ತು, ಅಲಖನೂರಿನ ಒಂದು ವರ್ಷದ ನೌಕರಿಯ ಹೆದರಿಕೆಯೂ ಇತ್ತು. ಆದರೆ ಪೆಟ್ಟಿಗೆ ಎತ್ತಿಕೊಳ್ಳುವಾಗ ಕಣ್ಣು ಮತ್ತೆ ಗೋಡೆಯ ಕಡೆ ಹೋಯಿತು. ಎಡಗೈಯ ಕಿರುಬೆರಳಿನ ಹತ್ತಿರ ನೀಲಿಯ ಒಂದು ಚುಕ್ಕೆ ಉಳಿದುಹೋಗಿತ್ತು. ಅಷ್ಟು ದಿನ ನೋಡಿಯೂ ಕಂಡಿರಲಿಲ್ಲ. ಪೆಟ್ಟಿಗೆ ಕೆಳಗಿಟ್ಟು, ಸೀಸೆ ತೆಗೆದು, ಹತ್ತಿಯ ತುದಿಯಿಂದ ಅದನ್ನು ಒರೆಸಿದಳು.

ಅವಳ ಹಿಂದೆ ರಾವಸಾಹೇಬರು ಮಂಚದ ಪಕ್ಕ ನೆಲದ ಮೇಲೆ ಕೂತು ತಾಯಿಗೆ ಹೇಳುತ್ತಿದ್ದರು: "ಪೇಟಿ ತರಸ್ತೇನಿ. ಪಟ್ಟಿ ಇಳಿಸಿ ನೋಡೂಣು. ಇಳಿಸಿದ್ರ ಎರಡನೇ ಸಾಲ ಬಂದ್ರೂ ಬಂದೀತು."

"ಬರದಿದ್ರ?"

"ಬರದಿದ್ರ ಬರಲಿಲ್ಲ ಅಂತ ಹೇಳ್ತೇನಿ," ಅಂದರು ಅವರು.

ಸುಗಂಧಾ ಪೆಟ್ಟಿಗೆ ಹೊತ್ತು ಹೊರಗೆ ಬಂದಳು. ಓಣಿ ದಾಟುವಷ್ಟರಲ್ಲಿ ವಾಡೆಯ ಕಡೆಯಿಂದ ಅಕ್ಕುತಾಯಿ ಅದೇ ಪದದ ಮೊದಲ ಸಾಲನ್ನು ಸ್ವಲ್ಪ ಕೆಳಗೆ ಹಿಡಿದು ಎತ್ತಿಕೊಂಡದ್ದು ಕೇಳಿಸಿತು. ಎರಡನೆಯ ಸಾಲು ಬಂತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಗೊಬ್ಬರ ಹೇರಿದ ಎರಡು ಟ್ರ್ಯಾಕ್ಟರುಗಳು ಎದುರಿಗೆ ಬಂದವು, ಅವುಗಳಿಗೆ ದಾರಿ ಬಿಡುತ್ತ ಗೋಡೆಗೆ ಒತ್ತಿ ನಿಲ್ಲಬೇಕಾಯಿತು.